ಕೀಬೋರ್ಡಿಗೆ ಇಟ್ಟ ಕುಂಕುಮ

ಅರವಿಂದ, ನಂದಿನಿ, ಇಬ್ಬರೂ ಕೇಳಿ. ಬಾಯಿಬಿಟ್ಟು ಹೇಳಬೇಕಾದ್ದನ್ನು ನುಂಗಿಕೊಂಡು, ಆಮೇಲೆ ಯಾವಾಗಲೋ ಅದನ್ನು ಕಾಗದದ ಮೇಲೆ ಬರೆಯಲು ಕೂರುವ ಅಭ್ಯಾಸ ನಿಮ್ಮ ಅಜ್ಜಿಗೆ ಚಿಕ್ಕಂದಿನಿಂದಲೂ ಇದೆ. ನಮ್ಮ ಹಳ್ಳಿಯ ಶಾಲೆಯಲ್ಲಿ ನಾಲ್ಕು ತರಗತಿಗೆ ಒಬ್ಬರೇ ಮೇಷ್ಟ್ರು. ದಿನವೂ ಸಂಜೆ ಎಲ್ಲರೂ ಒಟ್ಟಿಗೆ ನಿಂತು ಮಗ್ಗಿ ಕೂಗಬೇಕು. ನಾಲ್ಕು ಜನರ ನಡುವೆ ನನ್ನ ಧ್ವನಿ ಕೇಳಿಬಿಟ್ಟರೆ ಏನು ಗತಿ ಎಂದು ನಾನು ತುಟಿ ಮಾತ್ರ ಆಡಿಸುತ್ತಿದ್ದೆ. "ನೋಡ್ರೋ, ಈ ಹುಡುಗಿ ಎಷ್ಟು ಶ್ರದ್ಧೆಯಿಂದ ಹೇಳ್ತಾಳೆ" ಎಂದು ಮೇಷ್ಟ್ರು ಎರಡು ವರ್ಷ ನನ್ನನ್ನು ಹೊಗಳಿದರು. ಒಂದು ದಿನ ಯಾವುದೋ ಕಾರಣಕ್ಕೆ ಉಳಿದವರೆಲ್ಲ ತಟ್ಟನೆ ನಿಲ್ಲಿಸಿಬಿಟ್ಟರು. ನನ್ನ ತುಟಿ ಮಾತ್ರ ಇನ್ನೂ ಹದಿಮೂರರ ಮಗ್ಗಿಯಲ್ಲಿ ಓಡಾಡುತ್ತಿತ್ತು. ಆವತ್ತಿಗೆ ನನ್ನ ಶ್ರದ್ಧೆಯ ಕಥೆ ಮುಗಿಯಿತು.

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಈ ಗುಣ ಸುಧಾರಿಸಬಹುದು ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು. ಇಲ್ಲಿ ತರಕಾರಿಯವಳಿಂದ ಹಿಡಿದು ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಕೂತವಳವರೆಗೆ ಎಲ್ಲರೂ ಗಟ್ಟಿಯಾಗಿಯೇ ಬದುಕುತ್ತಾರೆ. ನಾನು ಬಂದ ಹೊಸದರಲ್ಲಿ ಒಮ್ಮೆ ದಾದರ್‌ನಿಂದ ಒಬ್ಬಳೇ ಬರುವಾಗ, ನಮ್ಮ ಸ್ಟೇಷನ್ ಗೋರೆಗಾಂವ್‌ನಲ್ಲಿ ಬಾಗಿಲಿಗೆ ಅಡ್ಡ ನಿಂತವರಿಗೆ "ಉತರ್‌ನಾ ಹೈ" ಎಂದು ದಾರಿ ಬಿಡಿಸಿಕೊಂಡು ಇಳಿಯಲು ನಾಚಿಕೆಯಾಗಿ, ಸುಮ್ಮನೆ ಮಲಾಡ್‌ವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದೆ. ನಿಮ್ಮ ತಾತ ಅದನ್ನು ಸಾಯುವವರೆಗೂ ಮರೆಯಲಿಲ್ಲ. ಎಲ್ಲಿಗಾದರೂ ಹೊರಟರೆ ಸಾಕು, "ನಿನ್ನ ಜೊತೆ ಬಂದರೆ ಒಂದು ಸ್ಟೇಷನ್ ಮುಂದಕ್ಕೇ ಟಿಕೆಟ್ ತೆಗೆಯಬೇಕು ಕಣೇ" ಎನ್ನುತ್ತಿದ್ದರು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಾನು ಹೇಳಹೊರಟಿರುವುದು ನಮ್ಮ ಮನೆಯ ಕಂಪ್ಯೂಟರಿನ ಕೀಬೋರ್ಡ್ ಕೆಟ್ಟ ಕಥೆ. ನಿಮಗೆ ಆ ಕಥೆ ಗೊತ್ತು ಎಂದು ನೀವು ಅಂದುಕೊಂಡಿದ್ದೀರಿ. ಅರ್ಧ ಗೊತ್ತು. ಇನ್ನರ್ಧ ನನ್ನ ಹತ್ತಿರ ಉಳಿದಿದೆ.

ಹೋದ ವರ್ಷ ಫೋರ್ಟ್ ಬಡಾವಣೆಯ ನಿಮ್ಮಪ್ಪನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತಂತೆ: ಕಂಪ್ಯೂಟರ್ ಬರುತ್ತದೆ, ಕಲಿತವರು ಮುಂದಕ್ಕೆ, ಕಲಿಯದವರು ಮೂಲೆಗೆ. ಮೂಲೆಗೆ ಹೋಗುವ ಆಸೆಯಿಲ್ಲದ ನಿಮ್ಮಪ್ಪ ರಘು, ಗೆಳೆಯನೊಬ್ಬ ಬಳಸಿ ಬಿಟ್ಟ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ತಂದ. ಹಾಲಿನಲ್ಲಿ ನನ್ನ ಹೊಲಿಗೆ ಯಂತ್ರವಿದ್ದ ಜಾಗ ಅದಕ್ಕೆ ಸಿಕ್ಕಿತು. ಹೊಲಿಗೆ ಯಂತ್ರ ಬಾಲ್ಕನಿಗೆ ಹೋಗಿ ತುಳಸಿ ಕುಂಡದ ಪಕ್ಕ ನಿಂತಿತು. ಬಂದ ದಿನವೇ ನಿಮ್ಮಪ್ಪ ಅದರ ಕಟ್ಟಳೆಗಳನ್ನು ಓದಿ ಹೇಳಿದ. ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗಬಾರದು. ಒದ್ದೆ ಕೈಯಲ್ಲಿ ಮುಟ್ಟಬಾರದು. ಅದರ ಮುಂದೆ ಕೂತು ಏನೂ ತಿನ್ನಬಾರದು. ಕೆಲಸ ಮುಗಿದ ಮೇಲೆ ಒಗೆದ ಬಟ್ಟೆಯನ್ನೇ ಹೊದಿಸಬೇಕು. ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಮಡಿಯಲ್ಲಿ ಬಹಳ ಗಟ್ಟಿ. ಅವರನ್ನೂ ಮೀರಿಸಿದ ಮಡಿಯನ್ನು ನಾನು ಕಂಡದ್ದು ಈ ಕಂಪ್ಯೂಟರಿನಲ್ಲೇ. ನನ್ನ ಹಳೆಯ ನೂಲಿನ ಸೀರೆಯೊಂದು ಅದರ ಹೊದಿಕೆಯಾಯಿತು. ಸಂಜೆ ಅದನ್ನು ಮುಚ್ಚಿಟ್ಟಾಗ ಮೂಲೆಯಲ್ಲಿ ನಾನೇ ಕೂತ ಹಾಗೆ ಕಾಣುತ್ತಿತ್ತು.

ಆಗ ನಿಮಗಿದ್ದದ್ದು ಒಂದೇ ಆಟ. ಒಂದು ಹುಳ ಪರದೆಯ ಮೇಲೆ ಹರಿದಾಡುತ್ತ ಚುಕ್ಕಿ ತಿನ್ನುವುದು. ಅರವಿಂದ ಒಂದು ಸಲ, ನಂದಿನಿ ಒಂದು ಸಲ. ಒಂದೇ ಬೆರಳಿನ ಆಟವಾದ್ದರಿಂದ ಜಗಳವೂ ಒಂದೇ ಬೆರಳಿನಷ್ಟಿತ್ತು.

ಹೀಗಿರುವಾಗ ದಸರಾ ಬಂತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಹಿಡಿದು ನಿಮ್ಮಪ್ಪನ ಸ್ಕೂಟರಿನವರೆಗೆ ಎಲ್ಲಕ್ಕೂ ಸಿಂಗಾರ. ನಿಮ್ಮ ತಾತ ಫೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಅವರ ಹಳೆಯ ಟೈಪ್‌ರೈಟರ್ ಮನೆಯಲ್ಲೇ ಇದೆಯಲ್ಲ, ಪ್ರತಿ ವರ್ಷ ಅದರ ಕೆಳಗಿನ ಉದ್ದ ಪಟ್ಟಿಯ ಮೇಲೆ ಮೂರು ಬೊಟ್ಟು ಕುಂಕುಮ ಇಡುವುದು ನನ್ನ ಕೆಲಸವಾಗಿತ್ತು. ಒಂದು ವರ್ಷವೂ ಅದು ಮುನಿಸಿಕೊಂಡಿರಲಿಲ್ಲ. ಅವರು ಹೋದ ಮೇಲೆ ಕುಂಕುಮದ ಬಟ್ಟಲು ನಿಮ್ಮಮ್ಮ ಸುಧಾಳ ಕೈಗೆ ಹೋಯಿತು. ನನಗೆ ಯಾರೂ ಬೇಡ ಎನ್ನಲಿಲ್ಲ. ನಾನೇ ಹೂ ಬಿಡಿಸಿಕೊಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಇಂಥ ವಿಷಯಗಳಲ್ಲಿ ಯಾರಾದರೂ ಬೇಡ ಎನ್ನುವ ತನಕ ಕಾಯುವುದು ನನ್ನ ಸ್ವಭಾವವಲ್ಲ.

ಆವತ್ತು ಬೆಳಿಗ್ಗೆ ನಿಮ್ಮಪ್ಪ ಆಫೀಸಿಗೆ ಹೊರಡುವ ಮುಂಚೆ ಹೇಳಿದ: "ಕಂಪ್ಯೂಟರ್‌ಗೆ ಅರಿಶಿನ ಕುಂಕುಮ ಏನೂ ಬೇಡಮ್ಮ. ಮೇಲೊಂದು ಹೂವಿಡಿ, ಸಾಕು. ನೀರು ಗೀರು ಬಿದ್ರೆ ಕತೆ ಮುಗೀತು." ಹಾಗೇ ಆಯಿತು. ನಿಮ್ಮಮ್ಮ ಪೂಜೆ ಮುಗಿಸಿ ಅರಿಶಿನ ಕುಂಕುಮಕ್ಕೆ ಕರೆಯಲು ಮೂರನೇ ಮಹಡಿಗೆ ಹೋದಳು. ನೀವಿಬ್ಬರೂ ಕೆಳಗೆ ಸೈಕಲ್ಲಿಗೆ ಹಾರ ಕಟ್ಟುತ್ತಿದ್ದಿರಿ. ಹಾಲಿನಲ್ಲಿ ನಾನೊಬ್ಬಳೇ. ಸುತ್ತ ನೋಡಿದೆ. ಕತ್ತರಿಗೆ ಕುಂಕುಮ, ಸುತ್ತಿಗೆಗೆ ಕುಂಕುಮ, ಇಸ್ತ್ರಿಪೆಟ್ಟಿಗೆಗೆ ಕುಂಕುಮ, ತಾತನ ಟೈಪ್‌ರೈಟರಿಗೆ ಕುಂಕುಮ. ಕಂಪ್ಯೂಟರಿನದು ಮಾತ್ರ ಬೋಳು ಹಣೆ. ಹಬ್ಬದ ದಿನ ಎಲ್ಲರ ನಡುವೆ ಬೋಳು ಹಣೆಯಲ್ಲಿ ಕೂರುವುದು ಹೇಗಿರುತ್ತದೆಂದು ನನಗೆ ಗೊತ್ತು. ಅದಕ್ಕೂ ಗೊತ್ತಾಗುವುದು ಬೇಡ ಅನ್ನಿಸಿತು.

ಬಟ್ಟಲು ತೆಗೆದುಕೊಂಡು ಹತ್ತಿರ ಹೋದರೆ ಹೊಸ ಸಮಸ್ಯೆ. ಕಂಪ್ಯೂಟರಿಗೆ ಹಣೆ ಎಲ್ಲಿ? ಪರದೆಯೇ ಮುಖ ಎನ್ನೋಣವೆಂದರೆ ಅದು ಬರೀ ಗಾಜು. ಕೆಳಗಿನ ಡಬ್ಬಿಯಲ್ಲಿ ಎಲ್ಲ ಬುದ್ಧಿ ಇದೆ ಎಂದು ನಿಮ್ಮಪ್ಪ ಹೇಳಿದ್ದ, ಆದರೆ ಅದಕ್ಕೆ ಕಣ್ಣು ಮೂಗು ಏನೂ ಇಲ್ಲ. ಕೊನೆಗೆ ತಾತನ ಟೈಪ್‌ರೈಟರ್ ನೆನಪಾಗಿ ಕೀಬೋರ್ಡೇ ಸರಿ ಎಂದುಕೊಂಡೆ. ಒಣ ಕುಂಕುಮ ಉದ್ದ ಪಟ್ಟಿಯ ಮೇಲೆ ನಿಲ್ಲಲಿಲ್ಲ. ಉಂಗುರ ಬೆರಳಿಗೆ ಒಂದು ಹನಿ, ಒಂದೇ ಹನಿ, ನೀರು ತಾಗಿಸಿಕೊಂಡು ಮೂರು ಬೊಟ್ಟು ಇಟ್ಟೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಮ್ಮಮ್ಮನ ಬಳೆಯ ಸದ್ದು. ಗಾಬರಿಯಲ್ಲಿ ಸೆರಗಿನಿಂದ ಒರೆಸಿಬಿಟ್ಟೆ. ಮೇಲಿನದು ಹೋಯಿತು. ಕೆಂಪಾದದ್ದು ಒಂದಿಷ್ಟು ಕೀಗಳ ಸಂದಿಯೊಳಗೆ ಇಳಿದದ್ದು ನನ್ನ ಕಣ್ಣಿಗೆ ಬಿತ್ತು. ಆ ಸಂದಿ ಮುಚ್ಚಿಕೊಳ್ಳುವ ಹಾಗೆ ಹೊದಿಕೆ ಎಳೆದು ಒಳಗೆ ಹೋಗಿ ಪಾಯಸ ಕಲಕತೊಡಗಿದೆ.

ಅಂದೇ ಸಂಜೆ ನಿಮ್ಮಪ್ಪ ಹಬ್ಬದ ಉಡುಗೊರೆ ಎಂದು ಆಫೀಸಿನ ಗೆಳೆಯನಿಂದ ಹೊಸ ಆಟದ ಫ್ಲಾಪಿ ತಂದ. ಎರಡು ವಿಮಾನಗಳ ಆಟ. ಇಬ್ಬರೂ ಒಂದೇ ಕೀಬೋರ್ಡಿನ ಮುಂದೆ ಅಕ್ಕಪಕ್ಕ ಕೂತು, ಬಲಗಡೆಯ ಕೀಗಳಲ್ಲಿ ಒಬ್ಬರು, ಎಡಗಡೆಯವುಗಳಲ್ಲಿ ಇನ್ನೊಬ್ಬರು, ಒಬ್ಬರನ್ನೊಬ್ಬರು ಹೊಡೆದುರುಳಿಸಬೇಕು. ಮರುದಿನದ ವಿಜಯದಶಮಿಗೆ ಒಪ್ಪುವ ಆಟವೇ. ಅರವಿಂದ, ನಿನ್ನ ವಿಮಾನ ಹಾರಿತು, ತಿರುಗಿತು, ಗುಂಡು ಹಾರಿಸಿತು. ನಂದಿನಿಯ ವಿಮಾನವೂ ಹಾರುತ್ತಿತ್ತು. ಆದರೆ ಅವಳು ಗುಂಡಿನ ಕೀ ಒತ್ತಿದರೆ ಗುಂಡು ಹಾರಲೊಲ್ಲದು. ಬದಲಿಗೆ ಡಬ್ಬಿಯ ಒಳಗಿಂದ 'ಕುಯ್' ಎಂದೊಂದು ಸದ್ದು.

"ದಬಾಯಾ ಮೈನೇ! ಒತ್ತಿದೆ ನಾನು! ಚೀಟಿಂಗ್!"

"ತೂ ಸ್ಲೋ ಹೈ, ಕ್ಯಾ ಚೀಟಿಂಗ್? ಅಜ್ಜಿ, ಇವಳಿಗೆ ಒತ್ತೋಕೇ ಬರಲ್ಲ."

"ಅಜ್ಜಿ, ನೀನೇ ನೋಡು, ಒತ್ತಿದೀನಿ ತಾನೇ?"

ನಾನು ನೋಡಿದೆ. ನಿಜವಾಗಿ ಒತ್ತಿದ್ದಳು. ಒತ್ತಿ ಒತ್ತಿ ಬೆರಳ ತುದಿ ಬೆಳ್ಳಗಾಗಿತ್ತು. 'ಕುಯ್' ಎಂದಿತು ಡಬ್ಬಿ. ಬೆಳಿಗ್ಗೆ ಕುಂಕುಮ, ಸಂಜೆಗೆ ಈ ಸಂಕಟ. ಇನ್ನು ಯಾರನ್ನು ಕೇಳಬೇಕು? ನೀರು ಒಳಗೆ ಹೋಗಿ ಕೆಟ್ಟಿತು ಎನ್ನುವುದು ಒಂದು. ಅದರ ಕೆಳಗೆ, ಯಾರಿಗೂ ಹೇಳಲಾಗದ ಇನ್ನೊಂದಿತ್ತು: ಇಡಬಾರದ ಕೈ ಇಟ್ಟಿತು, ಅದಕ್ಕೇ ಹೀಗಾಯಿತು ಎನ್ನುವುದು. ಏಳನೇ ಕ್ಲಾಸಿನವರೆಗೆ ಓದಿದವಳು ಹೀಗೆ ಯೋಚಿಸಬಾರದು ಎಂದು ನನಗೂ ಗೊತ್ತು. ಆದರೆ ಭಯ ಶಾಲೆಗೆ ಹೋಗಿರುವುದಿಲ್ಲ.

ಮೂರು ದಿನ ಈ ಜಗಳ ನಡೆಯಿತು. ನಾಲ್ಕನೆಯ ದಿನ ನಿಮ್ಮಮ್ಮ ದೂಳು ಒರೆಸುತ್ತ ಕೀಬೋರ್ಡನ್ನು ಬೆಳಕಿಗೆ ಹಿಡಿದಳು. ಸಂದಿಯಲ್ಲಿ ಕೆಂಪು. ಹಬ್ಬದ ದಿನ ಮಧ್ಯಾಹ್ನವೇ ನಂದಿನಿ ಕೋಕಂ ಶರಬತ್ತಿನ ಲೋಟ ಹಿಡಿದು ಕಂಪ್ಯೂಟರಿನ ಹತ್ತಿರ ಸಿಕ್ಕಿಬಿದ್ದು ಬೈಸಿಕೊಂಡಿದ್ದಳು. ಕೋಕಮ್ಮಿನ ಬಣ್ಣ ಯಾವುದೆಂದು ನಾನು ಹೇಳಬೇಕಾಗಿಲ್ಲ.

"ನಂದಿನೀ! ಶರಬತ್ತು ಚೆಲ್ಲಿ ಬಾಯ್ಮುಚ್ಕೊಂಡು ಕೂತಿದ್ದೀಯಾ?"

"ನಾನು ಚೆಲ್ಲಿಲ್ಲಮ್ಮಾ! ಸಚ್ಚಿ! ಗಾಡ್ ಪ್ರಾಮಿಸ್!"

"ಮತ್ತೆ ಇದು ತಾನಾಗೇ ಹೋಗಿ ಕೂತಿತಾ?"

ತೀರ್ಪೂ ಅಲ್ಲೇ ಆಯಿತು. ರಿಪೇರಿಯವನು ಬಂದು ಸರಿಮಾಡುವ ತನಕ ನಂದಿನಿ ಕಂಪ್ಯೂಟರನ್ನು ಮುಟ್ಟುವಂತಿಲ್ಲ. ಅರವಿಂದ, ನೀನು ಅವಳಿಗೆ 'ಕೋಕಂ' ಎಂದು ಹೆಸರಿಟ್ಟೆ. ಬಿಲ್ಡಿಂಗಿನ ಮಕ್ಕಳೆಲ್ಲ ಅದನ್ನು ಎತ್ತಿಕೊಂಡರು. ಮೆಟ್ಟಿಲ ಮೇಲೆ, ಸ್ಕೂಲ್ ಬಸ್ಸಿನ ಹತ್ತಿರ, 'ಓ ಕೋಕಂ, ಓ ಕೋಕಂ.'

ನಾನು ಆಗ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ನಂದಿನಿ ಬಂದು ನನ್ನ ಬೆನ್ನಿಗೆ ಮುಖ ಒತ್ತಿಕೊಂಡು, "ಅಜ್ಜಿ, ನೀನು ಹೇಳು ಅವ್ರಿಗೆ. ಮೈನೇ ಕುಛ್ ನಹೀ ಗಿರಾಯಾ, ನಾನು ಏನೂ ಚೆಲ್ಲಿಲ್ಲ" ಎಂದು ಅತ್ತಳು. ನಾನು ತುರಿಯುತ್ತಲೇ ಇದ್ದೆ. ಬಿಳಿಯೆಲ್ಲ ಮುಗಿದು ಚಿಪ್ಪು ತುರಿಯುವ ತನಕ ತುರಿದೆ. ಅಂದಿನ ಚಟ್ನಿ ಕಪ್ಪಗೆ ಯಾಕಿತ್ತೆಂದು ನಿಮ್ಮಪ್ಪ ಕೇಳಿದ. ಇನ್ನೊಂದಿಷ್ಟು ಬಡಿಸಿದೆ.

ಪ್ರಯತ್ನವನ್ನೇ ಮಾಡಲಿಲ್ಲ ಎನ್ನಬೇಡಿ. ಮಾರನೆಯ ಬೆಳಿಗ್ಗೆ ನಿಮ್ಮಪ್ಪ ಶೂ ಕಟ್ಟಿಕೊಳ್ಳುವಾಗ ಹತ್ತಿರ ಹೋಗಿ, "ರಘು, ಆ ಕೀಬೋರ್ಡು..." ಎಂದೆ. "ಸಂಜೆ ಮಾತಾಡೋಣಮ್ಮ, ಲೋಕಲ್ ತಪ್ಪುತ್ತೆ" ಎಂದು ಓಡಿದ. ಸಂಜೆ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ನೊಂದು ದಿನ ನಿಮ್ಮಮ್ಮನ ಹತ್ತಿರ ಹೋದೆ. ಧೈರ್ಯ ತಂದುಕೊಂಡು "ಸುಧಾ, ನಂದಿನಿ ಏನೂ ಮಾಡಿಲ್ಲ..." ಎನ್ನುವವರೆಗೆ ಬಂದಿದ್ದೆ. "ಅತ್ತೆ, ನೀವು ಅವಳ ಪರ ವಹಿಸಬೇಡಿ. ನೀವೇ ಅವಳನ್ನ ಕೆಡಿಸ್ತಿರೋದು" ಎಂದಳು. ಅವಳ ತಪ್ಪಿಲ್ಲ. ತಪ್ಪೊಪ್ಪಿಗೆಯನ್ನು ಯಾರಾದರೂ ಬೇರೆಯವರ ಹೆಸರಿನಿಂದ ಶುರುಮಾಡುತ್ತಾರೆಯೇ? ಮುಂದಿನ ಮಾತು ಗಂಟಲಲ್ಲೇ ಮಲಾಡ್‌ಗೆ ಹೋಯಿತು.

ಬಾಯಿಂದ ಆಗದ್ದನ್ನು ಕೈಯಿಂದ ಮಾಡೋಣವೆಂದು ಒಂದು ಮಧ್ಯಾಹ್ನ ದೇವರ ದೀಪದ ಬತ್ತಿಯೊಂದನ್ನು ಬೆರಳಲ್ಲಿ ಹೊಸೆದು ಆ ಸಂದಿಗೆ ತೂರಿಸಿ ಕುಂಕುಮ ತೆಗೆಯಲು ಹೋದೆ. ಕುಂಕುಮ ಬರಲಿಲ್ಲ. ಬತ್ತಿ ಒಳಗೆ ಹೋಯಿತು. ಈಗ ಒಂದರ ಬದಲು ಎರಡು ಗುಟ್ಟು.

ಇನ್ನುಳಿದದ್ದು ಪ್ರಾಯಶ್ಚಿತ್ತ. ನಂದಿನಿಗೆ ದಿನಾ ಎರಡು ಕೊಬ್ಬರಿ ಮಿಠಾಯಿ. ಜಡೆ ಹಾಕುವಾಗ ಎಳೆಯದೆ ಮೆಲ್ಲಗೆ ಬಾಚುವುದು. ಅವಳು ಒಂದು ದಿನ ಮಿಠಾಯಿ ಚೀಪುತ್ತ ನನ್ನ ಕೈ ಹಿಡಿದು, "ಘರ್ ಮೇ ಸಿರ್ಫ್ ನೀನೇ ನನ್ನ ನಂಬ್ತೀಯ ಅಲ್ವಾ ಅಜ್ಜಿ?" ಎಂದಳು. ನಂದಿನಿ, ನಿನಗೆ ಈಗ ಹೇಳುತ್ತೇನೆ, ನಂಬಿಕೆಯ ಪ್ರಶ್ನೆಯೇ ಇರಲಿಲ್ಲ. ನನಗೆ ಗೊತ್ತಿತ್ತು.

ಆ ತೀರ್ಪಾಗಿ ಎಂಟು ದಿನವಾದ ಮೇಲೆ ಭಾನುವಾರ ಬೆಳಿಗ್ಗೆ ಮಲ್ಲಪ್ಪನವರು ಬಂದರು. ಗದಗದ ಕಡೆಯವರು, ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಥ ಯಂತ್ರಗಳನ್ನು ರಿಪೇರಿ ಮಾಡುವವರು. ನಿಮ್ಮಪ್ಪನಿಗೆ ಗೆಳೆಯನ ಮೂಲಕ ಪರಿಚಯ. ಗಿರಿಜಾ ಮೀಸೆ, ಕೈಯಲ್ಲೊಂದು ರೆಕ್ಸಿನ್ ಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಏನಾಗೇತ್ರಿ ಇದಕ್ಕ?" ಎಂದು ನೆಲದ ಮೇಲೆ ಕೂತರು.

ಅವರು ಕೇಳಿದ್ದೇ ತಡ, ನಮ್ಮ ಮನೆಯಲ್ಲಿ ಮೂರು ಬಾಯಿ ಒಟ್ಟಿಗೆ ತೆರೆದವು. "ಮೊದಲು ಸರಿ ಇತ್ತು, ದಸರಾ ಆದ್ಮೇಲೆ..." ಎಂದು ನಿಮ್ಮಪ್ಪ. "ಮಗಳು ಕೋಕಂ ಶರಬತ್ತು ಚೆಲ್ಲಿದಾಳೆ ನೋಡಿ, ಇಲ್ಲಿ, ಇಲ್ಲಿ" ಎಂದು ನಿಮ್ಮಮ್ಮ. "ಅಂಕಲ್, ಮೇರಾ ಸೈಡ್ ಠೀಕ್ ಹೈ, ಇವಳ ಸೈಡೇ ಡೆಡ್" ಎಂದು ಅರವಿಂದ. ನಂದಿನಿ ಬೆಡ್‌ರೂಮಿನ ಬಾಗಿಲಿಗೆ ಒರಗಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. ಮಲ್ಲಪ್ಪನವರು ಅವಳನ್ನು ನೋಡಿ, "ಯಾಕವಾ, ಏನ್ ಮಾಡೀದಿ?" ಎಂದರು. ಅವಳು ಈ ಸಲ ಇಲ್ಲವೆನ್ನಲೂ ಇಲ್ಲ. ಎಂಟು ದಿನದಲ್ಲಿ ಇಲ್ಲವೆನ್ನುವುದನ್ನು ಬಿಟ್ಟುಬಿಟ್ಟಿದ್ದಳು. ತುಟಿ ಮಾತ್ರ ಆಡಿತು.

ಆ ತುಟಿಯನ್ನು ನೋಡಿದೆ ನೋಡಿ, ನನಗೆ ತಡೆಯಲಾಗಲಿಲ್ಲ. ಕಾಫಿ ಲೋಟ ಹಿಡಿದೇ, "ನಾನು ಮಾಡಿದ್ದು" ಎಂದೆ. ಯಾರಿಗೂ ಕೇಳಲಿಲ್ಲ. "ಅದು ನಾನು" ಎಂದೆ. ಮೂವರೂ ಇನ್ನೂ ಮಲ್ಲಪ್ಪನವರ ಮೇಲೆ ಮಾತು ಸುರಿಯುತ್ತಿದ್ದರು, ಹಿಂದಿನಿಂದ ಕಂಪ್ಯೂಟರಿನ ಫ್ಯಾನಿನ ಗೊರಗೊರ ಬೇರೆ. ಮೂರನೆಯ ಸಲ ಹೇಳುವಷ್ಟು ಗಂಟಲು ನನಗೆ ದೇವರು ಕೊಟ್ಟಿಲ್ಲ. ನನ್ನ ಪಕ್ಕದ ಗೋಡೆಯಲ್ಲಿ ಸ್ವಿಚ್ಚಿತ್ತು. ಒತ್ತಿಬಿಟ್ಟೆ. ಪರದೆ ಕಪ್ಪಾಯಿತು, ಗೊರಗೊರ ನಿಂತಿತು, ಮೂರು ಬಾಯಿಯೂ ನಿಂತವು.

"ಅಮ್ಮಾ! ಹಾಗೆ ಆಫ್ ಮಾಡಬಾರದು!" ಎಂದ ನಿಮ್ಮಪ್ಪ.

"ಅದು ಕೋಕಂ ಅಲ್ಲ, ಕುಂಕುಮ" ಎಂದೆ. "ಆಯುಧಪೂಜೆ ದಿನ ನಾನೇ ಇಟ್ಟೆ. ನೀರು ಹಾಕಿ ಇಟ್ಟೆ. ನಂದಿನಿ ಏನೂ ಚೆಲ್ಲಿಲ್ಲ. ಒಳಗೊಂದು ಬತ್ತಿಯೂ ಇದೆ."

ನನ್ನ ಜೀವಮಾನದಲ್ಲಿ ಇಷ್ಟು ಜನರ ಮುಂದೆ ಒಂದೇ ಉಸಿರಿಗೆ ಅಷ್ಟು ವಾಕ್ಯ ಹೇಳಿದ್ದು ಅದೇ ಮೊದಲು. ಮಲ್ಲಪ್ಪನವರು ಸ್ಕ್ರೂ ಬಿಚ್ಚಿ ಕೀಬೋರ್ಡಿನ ಹೊಟ್ಟೆ ತೆರೆದರು. ಎರಡು ಬೆರಳಲ್ಲಿ ಬತ್ತಿಯನ್ನು ಎತ್ತಿ ಹಿಡಿದು, "ಏನ್ರೀ ಅವ್ವಾರ, ಒಳಗ ದೀಪ ಹಚ್ಚೋ ವಿಚಾರ ಇತ್ತೇನ್ರಿ?" ಎಂದರು. ಅರವಿಂದ ಉರುಳಿ ಉರುಳಿ ನಕ್ಕ. ಆಮೇಲೆ ಅವರು ಕುಂಕುಮದ ಕಣವನ್ನು ಉಗುರಲ್ಲಿ ಮುಟ್ಟಿ, ಉಫ್ ಎಂದು ಊದಿದರು. ಹೋಯಿತು. ಅಷ್ಟೂ ದಿನ ನನ್ನ ಎದೆಯ ಮೇಲೆ ಕೂತಿದ್ದದ್ದು ಒಂದು ಉಸಿರಿಗೆ ಹೋಯಿತು.

"ಇದರಿಂದ ಏನೂ ಆಗಿಲ್ರಿ. ಸಂದ್ಯಾಗ ಒಣಗಿ ಕುಂತಿತ್ತು, ಅಷ್ಟ. ನಮ್ಮ ಜೋಗೇಶ್ವರಿ ಕಾರ್ಖಾನ್ಯಾಗ ಖಂಡೇಪೂಜಿ, ಅಂದ್ರ ನಿಮ್ಮ ಆಯುಧಪೂಜಿ, ದಿವಸ ಇಕ್ಕಳಕ್ಕ, ಮೀಟರಿಗೆ ಎಲ್ಲಾಕ್ಕೂ ವಿಭೂತಿ, ಕುಂಕುಮ, ಭಂಡಾರ ಬಡೀತೀವ್ರಿ. ಹಚ್ಚಲಿಲ್ಲಂದ್ರನ ಕೆಡ್ತಾವ ಅವು."

"ಮತ್ತೆ ನನ್ನ ಕೈ..." ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಆದರೆ ಅವರು ನನ್ನ ಮುಖ ನೋಡಿದರು. ಬೋಳು ಹಣೆಯನ್ನೂ ನೋಡಿದರೇನೋ. "ನಮ್ಮಲ್ಲಿ ಮೊದಲ್ನೇ ಕುಂಕುಮ ಮಾಲಕರ ಮುದುಕಿ ತಾಯಿನ ಹಚ್ಚೋದ್ರಿ. ಗಂಡ ಹೋಗಿ ಇಪ್ಪತ್ತು ವರ್ಷ ಆಗೇತಿ ಅವರಿಗೆ. ಯಾವ ಮಷೀನೂ ಕಂಪ್ಲೇಂಟ್ ಮಾಡಿಲ್ರಿ" ಎಂದು ಕಾಫಿ ಕುಡಿದರು. ನಿಮ್ಮಮ್ಮ ಸುಧಾ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ಅಷ್ಟೂ ದಿನ ನಾವಿಬ್ಬರೂ ಒಬ್ಬರಿಗೆ ನೋವಾದೀತೆಂದು ಇನ್ನೊಬ್ಬರು ಬಟ್ಟಲನ್ನು ದೂರ ಇಟ್ಟುಕೊಂಡಿದ್ದೆವು ಅಂತ ಕಾಣುತ್ತದೆ.

"ಮತ್ತೆ ಕೀ ಯಾಕೆ ಕೆಲಸ ಮಾಡಲ್ಲ?" ಎಂದ ನಿಮ್ಮಪ್ಪ.

"ಕೆಟ್ಟಿದ್ರ ತಾನ ರಿಪೇರಿ ಮಾಡೋದು? ಅದರ ಹುಟ್ಟುಗುಣನ ಹಂಗ್ರಿ. ಒಂದೊಂದ ಒತ್ರಿ, ಎಲ್ಲಾನೂ ಕೇಳಸ್ಕೋತೈತಿ. ಎರಡು ಕೂಡಿ ಒತ್ತಿದ್ರ ಕೇಳಸ್ಕೋತೈತಿ. ಮೂರನೇದು ಒತ್ತಿದ್ರ ಒಮ್ಮೊಮ್ಮೆ ಗಪ್ಪಾಗತೈತಿ. ಮೊದಲ ಒಂದು ಬೆರಳಿನ ಆಟ ಆಡ್ತಿದ್ರಿ, ಗೊತ್ತಾಗಲಿಲ್ಲ."

ಯಾಕೆ ಹಾಗೆ ಎಂದು ಅವರು ಒಳಗಿನ ಹಾಳೆ ತೋರಿಸಿ ಹೇಳಿದರು. ಅಡ್ಡಗೆರೆಗಳು, ಉದ್ದಗೆರೆಗಳು, ಅವು ಕೂಡುವಲ್ಲಿ ಒಂದೊಂದು ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೊಂದು ಕೀ. ನಿಮ್ಮಪ್ಪ ಮುಖ ಗಂಟಿಕ್ಕಿದ. ನಿಮ್ಮಮ್ಮ ಶಾಲೆಯಲ್ಲಿ ಗಣಿತ ಕಲಿಸುವವಳು, ಅವಳೂ ಪೆನ್ಸಿಲ್ ಹುಡುಕಿದಳು. ನನಗೆ ತಟ್ಟನೆ ಹೊಳೆಯಿತು. ಇದು ರಂಗೋಲಿ! ಚೌಕದ ಮೂರು ಮೂಲೆಯ ಚುಕ್ಕಿ ಸೇರಿಸಿದರೆ ನೋಡುವವರ ಕಣ್ಣಿಗೆ ನಾಲ್ಕನೆಯದೂ ಸೇರಿದ ಹಾಗೆಯೇ ಕಾಣುತ್ತದೆ. ಸೇರಿಸಿದ್ದೋ ಬಿಟ್ಟದ್ದೋ ತಿಳಿಯದು. ಪಾಪ, ಯಂತ್ರಕ್ಕೂ ತಿಳಿಯದು. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಲೇಸು ಎಂದು ಸುಮ್ಮನಾಗುತ್ತದೆ. ನಾನು ಇದನ್ನು ಮೆಲ್ಲಗೆ ಹೇಳಿದೆ. "ಬರೋಬ್ಬರಿ ಹೇಳಿದ್ರಿ ಅವ್ವಾರ! ನಮ್ಮ ಸೇಠನಿಗೆ ಇದ ತಿಳಿಸಾಕ ನನಗ ಒಂದು ತಾಸು ಹಿಡೀತು" ಎಂದರು ಮಲ್ಲಪ್ಪ.

ಆಮೇಲೆ ನಿಮಗೂ ಗೊತ್ತು. ಅರವಿಂದ, ನೀನು ಗುಂಡಿನ ಕೀಯನ್ನು ಒತ್ತಿಹಿಡಿದು ಬಿಡುತ್ತಲೇ ಇರಲಿಲ್ಲ. ಅದರ ಜೊತೆಗೆ ತಿರುಗುವ ಕೀ. ನೀನು ಎರಡು ಚುಕ್ಕಿ ಹಿಡಿದು ಕೂತರೆ ನಿನ್ನ ತಂಗಿಯ ಚುಕ್ಕಿಗೆ ಜಾಗವೆಲ್ಲಿ? ಮೋಸ ಮಾಡಿದವರು ಯಾರೂ ಅಲ್ಲ, ನಿಧಾನದವರೂ ಯಾರೂ ಅಲ್ಲ. ಮೂಲೆಯಲ್ಲಿರುವ ಒಂದೆರಡು ಕೀಗಳಿಗೆ ಬೇರೆಯೇ ಗೆರೆ ಇರುತ್ತದೆ, ಅವಕ್ಕೆ ಈ ತೊಂದರೆ ಇಲ್ಲ ಎಂದು ಮಲ್ಲಪ್ಪನವರು ತೋರಿಸಿಕೊಟ್ಟರು. ಆಟದಲ್ಲೇ ಕೀ ಬದಲಿಸುವ ಪುಟವಿತ್ತು. ನಂದಿನಿಯ ಗುಂಡು ಎಡಗಡೆಯ ಕೆಳಮೂಲೆಯ ಕೀಗೆ ಹೋಯಿತು. ಮೊದಲ ಆಟದಲ್ಲೇ ಅರವಿಂದನ ವಿಮಾನ ಹೊಗೆಯಾಡುತ್ತ ಕೆಳಗೆ ಬಿತ್ತು. "ಕೋಕಂ ಜೀತ್ ಗಯೀ!" ಎಂದು ಅವಳೇ ಕಿರುಚಿಕೊಂಡು ಕುಣಿದಳು. ನಿಮ್ಮಮ್ಮ ಅವಳನ್ನು ಎಳೆದು ತಲೆ ಸವರಿ, "ತಪ್ಪಾಯ್ತು ಪುಟ್ಟಿ" ಎಂದಳು. ಮಲ್ಲಪ್ಪನವರು ಇನ್ನೊಂದು ಲೋಟ ಕಾಫಿ ಕುಡಿದು ಹೋದರು.

ನಿಮಗೆ ಗೊತ್ತಿರುವ ಅರ್ಧ ಇಲ್ಲಿಗೆ ಮುಗಿಯಿತು. ಅಂದಿನಿಂದ ಈ ಕಥೆಯಲ್ಲಿ ಅಜ್ಜಿ ನಾಯಕಿ. ಸ್ವಿಚ್ ಆರಿಸಿ ಸತ್ಯ ಹೇಳಿದ ಅಜ್ಜಿ, ರಂಗೋಲಿಯಿಂದ ಕಂಪ್ಯೂಟರ್ ಅರ್ಥಮಾಡಿಕೊಂಡ ಅಜ್ಜಿ. ನಿಮ್ಮಪ್ಪ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದ. ನಾನೂ ಒಂದೆರಡು ದಿನ ಮೂರು ಬಾಯಿಯ ನಡುವೆ ಕೇಳಿಸದ ಕೀ ನಾನೇ ಎಂದು ನನ್ನ ಮೇಲೆ ನಾನೇ ಮರುಕಪಟ್ಟುಕೊಂಡೆ. ಬಹಳ ಸುಖವಾಗಿತ್ತು.

ಆದರೆ ಆ ಭಾನುವಾರ ಸಂಜೆ ಜಡೆ ಹಾಕಿಸಿಕೊಳ್ಳುತ್ತ ನಂದಿನಿ ತಿರುಗದೆಯೇ ಕೇಳಿದ್ದಳು: "ಅಜ್ಜಿ, ನಿಂಗೆ ಗೊತ್ತಿತ್ತಲ್ಲ. ಫಿರ್ ಆಠ್ ದಿನ್ ಯಾಕೆ ಹೇಳ್ಲಿಲ್ಲ?" ಕೋಪವಿರಲಿಲ್ಲ ಅವಳಿಗೆ, ಸುಮ್ಮನೆ ಕೇಳಿದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರಲಿಲ್ಲ, ಟಿವಿ ಓಡುತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ. ಅವಳ ಪ್ರಶ್ನೆ ಒಂದೇ ಇತ್ತು, ನನಗೆ ಚೆನ್ನಾಗಿ ಕೇಳಿಸಿತ್ತು. "ಅಲ್ಲಾಡಬೇಡ, ಬೈತಲೆ ಸೊಟ್ಟಗಾಗುತ್ತೆ" ಎಂದೆ.

ಈ ವರ್ಷದ ಆಯುಧಪೂಜೆಗೆ ನಿಮ್ಮಮ್ಮ ಎಲ್ಲಕ್ಕೂ ಕುಂಕುಮ ಇಟ್ಟು, ಕಂಪ್ಯೂಟರಿನ ಮುಂದೆ ನಿಂತು ಬಟ್ಟಲನ್ನು ನನಗೆ ಚಾಚಿದಳು. "ಇದಕ್ಕೆ ನೀವೇ ಇಡಿ ಅತ್ತೆ. ನೀರು ಮಾತ್ರ ಬೇಡ." ಅದರ ಹಣೆ ಎಲ್ಲಿ ಎಂದು ನಂದಿನಿಯನ್ನು ಕೇಳಿದೆ. ಅವಳು ಎಡಗಡೆಯ ಕೆಳಮೂಲೆಯ ಕೀ ತೋರಿಸಿದಳು. ಇಟ್ಟೆ. ಆಗ ಅವಳ ಪ್ರಶ್ನೆ ಇನ್ನೂ ಅಲ್ಲೇ ಕಾಯುತ್ತ ನಿಂತಿರುವುದು ನೆನಪಾಯಿತು.

ಆದ್ದರಿಂದ ಬರೆಯಲು ಕೂತೆ. ನಂದಿನಿ, ಉತ್ತರ ಇಷ್ಟೇ. ಕುಂಕುಮ ಕೆಟ್ಟದ್ದು ಮಾಡಲಿಲ್ಲ, ನನ್ನ ಕೈ ಕೆಟ್ಟದ್ದು ಮಾಡಲಿಲ್ಲ, ಕೀಬೋರ್ಡೂ ಮಾಡಲಿಲ್ಲ. ಮಾಡಿದ್ದು ನನ್ನ ಬಾಯಿ, ಮುಚ್ಚಿಕೊಂಡಿದ್ದು. ನೀನು ಅಳುತ್ತಿದ್ದರೂ ನನ್ನ ಮಾನ ನನಗೆ ದೊಡ್ಡದಾಯಿತು. ಅದನ್ನು ಯಾವ ಮಲ್ಲಪ್ಪನೂ ಬಿಚ್ಚಿ ಊದಿ ಹಾರಿಸಲಾರ. ಆ ಕೀಬೋರ್ಡ್ ಕೂಡ ಒಂದೇ ಕೀ ಒತ್ತಿದಾಗ ಕ್ಷಣದಲ್ಲಿ ಉತ್ತರ ಕೊಡುತ್ತಿತ್ತು. ನೀನು ಒತ್ತಿದ ಒಂದೇ ಒಂದು ಕೀಗೆ ನಿನ್ನ ಅಜ್ಜಿ ಅಕ್ಷರ ಮೂಡಿಸಲು ಒಂದು ವರ್ಷ ತೆಗೆದುಕೊಂಡಳು.

ನೀವಿಬ್ಬರೂ ಕನ್ನಡವನ್ನು ಅಕ್ಷರ ಕೂಡಿಸಿ ಓದುವ ವೇಗ ನೋಡಿದರೆ ಇದನ್ನು ಮುಗಿಸಲು ಇನ್ನೂ ಒಂದು ವರ್ಷ ಬೇಕಾದೀತು. ಅವಸರವಿಲ್ಲ. ಆದರೆ ಹಾಳೆಗಳನ್ನು ಕಳೆಯಬೇಡಿ. ತಾತನ ಟೈಪ್‌ರೈಟರಿನ ಡಬ್ಬಿಯ ತಳದಲ್ಲಿಡಿ, ಅಲ್ಲಿ ಹುಳ ಬರುವುದಿಲ್ಲ. ಮೊದಲ ಹಾಳೆಯ ಮೂಲೆಯಲ್ಲಿ ಕೆಂಪು ಕಲೆ ಕಂಡರೆ ನಂದಿನಿಯನ್ನು ಬೈಯಬೇಡಿ. ಅದೂ ನಾನೇ.